ಒಂದು ಮಾತೂ ಬಿಡದೆ...

"ಬೋರ್ಡಿಗೆ ಅಡ್ಡ ನಿಂತಿರೋ ಆ ತೆಂಗಿನಮರ ಯಾರದ್ದು?"

ಬಾಗಿಲ ಕಡೆಯಿಂದ ಬಂದ ಗಡಸು ದನಿಗೆ ಇಡೀ ಒಂಬತ್ತನೇ ತರಗತಿ ಘೊಳ್ಳೆಂದು ನಕ್ಕಿತು!

ವಿಲಿಮೈನಾಳ ಕಿವಿ ಬಿಸಿಯಾಯಿತು. ತಾನು ಎತ್ತರದ ಹುಡುಗಿ ಎಂಬುದು ಅವಳಿಗೂ ಗೊತ್ತು. ಹಾಗಂತ ಗುರುತು ಪರಿಚಯ ಇಲ್ಲದವರು ಮುಖಕ್ಕೆ ಹೊಡೆದ ಹಾಗೆ ಹೇಳುವುದೇ? ಸರ್ರನೆ ತಿರುಗಿದಳು. ಸೊಂಟಕ್ಕೆ ಬೂದುಬಣ್ಣದ ಸುಲು ಪಂಚೆ ಉಟ್ಟು, ಕಂಕುಳಲ್ಲಿ ಹಾಜರಿ ಪುಸ್ತಕ ಇರುಕಿಕೊಂಡು, ನಗು ತಡೆದುಕೊಂಡು ನಿಂತಿದ್ದವನು ಹೊಸ ಸೈನ್ಸ್ ಮಾಸ್ಟರ್ ಇನೋಕೆ.

"ನಾನು ಮರ ಅಲ್ಲ ಮಾಸ್ಟರ್. ಆರ್ತಿಕಾಗೋಸ್ಕರ ಬಂದಿರೋಳು. ನೀವು ಬಾಯಲ್ಲಿ ಹೇಳಿದ್ದನ್ನ ನಾನು ಕೈಯಲ್ಲಿ ಹೇಳ್ತೀನಿ."

ಮೊದಲ ಬೆಂಚಿನಲ್ಲಿ ಎರಡು ಜಡೆಯ ಆರ್ತಿಕಾ ಕಣ್ಣು ಮಿಟುಕಿಸದೆ ಇಬ್ಬರನ್ನೂ ನೋಡುತ್ತಿದ್ದಳು. ಸುವಾ ಪಟ್ಟಣದ ಕಿವುಡ ಮಕ್ಕಳ ಶಾಲೆಯಿಂದ ಈ ಗುಡ್ಡದ ಮೇಲಿನ ಹೈಸ್ಕೂಲಿಗೆ ಬಂದ ಮೊದಲ ಹುಡುಗಿ ಅವಳು. ಅದೂ ಪರೀಕ್ಷಾರ್ಥ! ಮೊದಲ ಟರ್ಮ್ ಮುಗಿಯುವಷ್ಟರಲ್ಲಿ ಉಳಿದ ಮಕ್ಕಳ ಜೊತೆ ಹೊಂದಿಕೊಂಡರೆ ಇರಬಹುದು, ಇಲ್ಲವಾದರೆ ಹಳೆಯ ಶಾಲೆಗೇ ವಾಪಸ್. ಪ್ರಿನ್ಸಿಪಾಲ್ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

"ಓ..." ಇನೋಕೆಯ ದನಿ ಒಂಚೂರು ಮೆತ್ತಗಾಯಿತು. "ಯಾವ ಊರು ನಿಮ್ಮದು?"

"ವುನಿಸೆಯಾ."

ಹಾಜರಿ ಪುಸ್ತಕ ಧಪ್ಪೆಂದು ಮೇಜಿನ ಮೇಲೆ ಬಿತ್ತು. "ವುನಿಸೆಯಾ?! ನಾನು ನಾಂಬುಕೆಲೋದವನು ಕಣೇ! ನೀನು ನನ್ನ ತೌವು!"

ಮಕ್ಕಳು ಬೆಂಚು ಕುಟ್ಟಿದರು. ಇನ್ನೇನು ಆಗಲಿದೆ ಎಂದು ಅವಕ್ಕೆಲ್ಲ ಗೊತ್ತು. ಎರಡು ಊರಿಗೆ ಮೂಲದೈವ ಒಂದೇ ಆದರೆ ಆ ಊರಿನವರು ಒಬ್ಬರಿಗೊಬ್ಬರು ತೌವು. ತೌವು ಸಿಕ್ಕರೆ ಬೈಯಬೇಕು, ಆಡಿಕೊಳ್ಳಬೇಕು, ತಟ್ಟೆಯಲ್ಲಿದ್ದದ್ದನ್ನು ಕಿತ್ತುಕೊಂಡು ತಿನ್ನಬೇಕು. ಬೈಸಿಕೊಂಡವರು ಮಾತ್ರ ಕೋಪ ಮಾಡಿಕೊಳ್ಳುವಂತಿಲ್ಲ! ಕೋಪ ಬಂತೋ, ಇಡೀ ಊರಿನ ಮಾನ ಹೋಯಿತು.

"ಕೇಳ್ರೋ ಮಕ್ಕಳೇ, ಈ ವುನಿಸೆಯಾದೋರು ನಮ್ಮ ದೋಣಿ ತೊಳೆಯೋಕೆ ಅಂತಲೇ ಹುಟ್ಟಿದೋರು. ಅದೂ ನೆಟ್ಟಗೆ ತೊಳೆಯಲ್ಲ!"

ನಗೆಯೋ ನಗೆ. ಆರ್ತಿಕಾ ಮಾತ್ರ ಕಂಗಾಲಾಗಿ ವಿಲಿಮೈನಾಳ ಕೈ ನೋಡಿದಳು. 'ಏನಂದ್ರು? ಯಾಕೆ ನಗ್ತಿದ್ದಾರೆ? ನನ್ನ ನೋಡಿ ನಗ್ತಿದ್ದಾರಾ?'

ವಿಲಿಮೈನಾ ತುಟಿ ಕಚ್ಚಿಕೊಂಡಳು. ಈ ಕೆಲಸಕ್ಕೆ ಸೇರಿದಾಗ ಕಲಿಸಿದ್ದ ನಿಯಮ ಒಂದೇ. ಕೇಳಿದ್ದರಲ್ಲಿ ಒಂದು ಮಾತೂ ಬಿಡಬಾರದು, ಒಂದು ಮಾತೂ ಸೇರಿಸಬಾರದು. ಮಾತಾಡಿದವರು 'ನಾನು' ಅಂದರೆ ನಿನ್ನ ಕೈಯೂ 'ನಾನು' ಅನ್ನಬೇಕು. ವಿಧಿಯಿಲ್ಲದೆ ತನ್ನ ಊರನ್ನು ತಾನೇ ಕೈಯಾರೆ ಬೈದಳು... ನಮ್ಮ ದೋಣಿ. ತೊಳೆಯೋಕೆ ಹುಟ್ಟಿದೋರು. ನೆಟ್ಟಗೆ ತೊಳೆಯಲ್ಲ.

ಆರ್ತಿಕಾ ಕಿಸಕ್ಕೆಂದು ನಕ್ಕಳು. ಈ ಶಾಲೆಯಲ್ಲಿ ಅವಳ ಮೊದಲ ನಗು ಅದು.

ಆ ನಗು ನೋಡಿ ವಿಲಿಮೈನಾಳ ಸಿಟ್ಟೆಲ್ಲ ಇಳಿದುಹೋಯಿತು. "ಮಾಸ್ಟರ್, ನಿಮ್ಮ ನಾಂಬುಕೆಲೋದಲ್ಲಿ ಏಡಿ ಹಿಡಿಯೋಕೆ ಹೋದೋರನ್ನ ಏಡಿನೇ ಹಿಡ್ಕೊಂಡು ಬಂದು ಮನೆಗೆ ಬಿಡುತ್ತಂತೆ, ಹೌದಾ?" ಎಂದು ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಕೇಳಿದಳು.

ಇನೋಕೆ ಸುಲುವನ್ನು ಸೊಂಟಕ್ಕೆ ಏರಿಸಿಕೊಂಡು ಅವಳನ್ನೇ ನೋಡಿದ. ಆ ನೋಟ ಅಗತ್ಯಕ್ಕಿಂತ ಒಂದು ಚಣ ಹೆಚ್ಚೇ ಉಳಿಯಿತು...

ಅವತ್ತಿನಿಂದ ವಿಲಿಮೈನಾಳಿಗೆ ನೆಮ್ಮದಿ ಎಂಬುದೇ ಇಲ್ಲವಾಯಿತು.

ಮಧ್ಯಾಹ್ನ ಅಂಗಳದ ಬ್ರೆಡ್‌ಫ್ರೂಟ್ ಮರದ ಕೆಳಗೆ ಅವಳು ಡಬ್ಬಿ ತೆರೆಯುವುದೇ ತಡ, ಇನೋಕೆ ಹಾಜರ್. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ಅವನ ಪಾಲು, ಬರೀ ಮರಗೆಣಸು ಅವಳ ಪಾಲು.

"ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ ತೌವು. ನಿಮ್ಮೂರಿನೋರ ಅಡುಗೆ ತಿನ್ನೋಕೆ ತುಂಬಾ ನಾಚಿಕೆ ಆಗುತ್ತೆ." ಹೀಗೆನ್ನುತ್ತಾ ಅವನು ಬೆರಳು ನೆಕ್ಕುತ್ತಿದ್ದ.

ಅವಳು ಬೈಯುತ್ತಿದ್ದಳು. ಮರುದಿನ ಮಾತ್ರ ಮೀನಿನ ಒಂದು ತುಂಡು ಹೆಚ್ಚು ಹಾಕಿಕೊಂಡು ಬರುತ್ತಿದ್ದಳು! ಬಸ್ಸಿನಲ್ಲಿ ಕೂತರೆ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ತಾವೇ ಅವನ ಮಾತುಗಳನ್ನು ಆಡುತ್ತಿದ್ದವು.

'ಅವನು ಎಲ್ಲಾ ತೌವುಗಳ ಜೊತೆನೂ ಹೀಗೇ ಇರ್ತಾನೆ. ಇದರಲ್ಲಿ ಏನೂ ಇಲ್ಲ... ಏನೂ ಇಲ್ಲ ಕಣೇ!'

ಒಂದು ದಿನ ಅವನೇ ತಮಾಷೆಯ ನಡುವೆ ಥಟ್ಟನೆ, "ನೀನಿಲ್ದಿದ್ರೆ ನಂಗೆ ಈ ಸ್ಕೂಲು ಬೇಜಾರು ಕಣೇ" ಅಂದುಬಿಟ್ಟ. ಅವಳ ಎದೆ ಧಸಕ್ಕೆಂದಿತು. ಆದರೆ ತೌವು ಮಾತನ್ನು ನಂಬಿ ಮುಖ ಕೆಂಪಗೆ ಮಾಡಿಕೊಂಡರೆ ನಾಳೆ ಎರಡೂ ಊರಿನಲ್ಲಿ ಅದೇ ಸುದ್ದಿ! "ಮೀನು ಮುಗೀತು ನೋಡು, ಅದಕ್ಕೆ ಬೇಜಾರು" ಎಂದು ತೇಲಿಸಿಬಿಟ್ಟಳು. ಅವನೂ ನಕ್ಕ. ನಕ್ಕವನು ಆಮೇಲೆ ಮರದ ಬೇರನ್ನೇ ನೋಡುತ್ತಾ ಕೂತ. ಅವಳು ಅದನ್ನು ಗಮನಿಸಲಿಲ್ಲ.

ಅವಳ ನಿಜವಾದ ಚಿಂತೆ ಆರ್ತಿಕಾ.

ಸೈನ್ಸ್ ಲ್ಯಾಬಿನಲ್ಲಿ ಗುಂಪು ಮಾಡುವಾಗ ಹಿಂದಿನಿಂದ ಒಬ್ಬಳು ಗೊಣಗಿದ್ದಳು. "ಅವಳು ನಮ್ಮ ಗುಂಪಿಗೆ ಬೇಡ ಮಾಸ್ಟರ್. ಒಂದೊಂದು ಮಾತಿಗೂ ಮೇಡಂ ಬೇಕು. ನಮಗೆ ತಡ ಆಗುತ್ತೆ."

ಇನೋಕೆ ಆ ಹುಡುಗಿಯನ್ನು ಗದರಿಸಿದ. ಆದರೆ ಆರ್ತಿಕಾ ಆಗಲೇ 'ಏನಂದಳು?' ಎಂದು ಹುಬ್ಬು ಏರಿಸಿದ್ದಳು.

ವಿಲಿಮೈನಾಳ ಕೈ ಏಳಲಿಲ್ಲ.

ವಿಲಿಮೈನಾಳ ಅಮ್ಮನೂ ಕಿವುಡಿ. ಹುಡುಗಿಯಾಗಿದ್ದಾಗ ಊರಿನ ಶಾಲೆಗೆ ಹೋಗಿ, ಮಕ್ಕಳು ಆಡಿಕೊಂಡರೆಂದು ವಾರದೊಳಗೆ ಮನೆಗೆ ಮರಳಿ, ಮತ್ತೆ ಪುಸ್ತಕ ಮುಟ್ಟದ ಅಮ್ಮ. ಈ ಮಗುವಿಗೂ ಹಾಗಾದರೆ...?

'ಏನಿಲ್ಲ. ಜಾಗ ಸಾಲಲ್ಲ ಅಂದಳು' ಎಂದು ಕೈಯಾಡಿಸಿದಳು. ಆ ಕೈ ಹೇಳಿದ ಮೊದಲ ಸುಳ್ಳು ಅದು. ಅದಾದ ಮೇಲೆ ಇನ್ನೂ ಕೆಲವು ಮಾತುಗಳನ್ನು ಹಾಗೇ ನುಂಗಿದಳು. ಆರ್ತಿಕಾಳ ಮುಖ ದಿನೇ ದಿನೇ ಬಾಡುತ್ತಾ ಬಂತು. ಅವಳು ಮಕ್ಕಳ ಕಡೆ ತಿರುಗುವುದನ್ನೇ ಬಿಟ್ಟಳು.

ಟರ್ಮ್ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಇನೋಕೆ ಬಂದವನು ಡಬ್ಬಿಗೆ ಕೈ ಹಾಕಲಿಲ್ಲ.

"ತೌವು, ನಾಳೆಯಿಂದ ನನ್ನ ಲ್ಯಾಬ್ ಪಾಠಕ್ಕೆ ನೀನು ಒಳಗೆ ಬರಬೇಡ. ಹೊರಗೆ ಜಗಲಿಯಲ್ಲಿ ಕೂತಿರು."

"ಓಹೋ! ದೊರೆಗಳ ಅಪ್ಪಣೆ!"

"ತಮಾಷೆ ಅಲ್ಲ ಕಣೇ. ನೀನು ಬೋರ್ಡಿಗೆ ಅಡ್ಡ ಇಲ್ಲ, ಆ ಹುಡುಗಿಗೂ ಉಳಿದ ಮಕ್ಕಳಿಗೂ ನಡುವೆ ಅಡ್ಡ ನಿಂತಿದ್ದೀಯ. ಹಳೇ ಸ್ಕೂಲನ್ನೇ ಹೊತ್ಕೊಂಡು ಬಂದು ನನ್ನ ಕ್ಲಾಸಲ್ಲಿ ಇಟ್ಟಿದ್ದೀಯ. ಲ್ಯಾಬಲ್ಲಿ ಪಾಠ ಕೇಳೋಕಿಂತ ಕೈಯಲ್ಲಿ ಮಾಡೋದೇ ಜಾಸ್ತಿ. ಅಲ್ಲಿ ಮಾತ್ರ ಬಿಡು."

ಈ ಮನುಷ್ಯ ನಿಜ ಹೇಳುವಾಗಲೂ ಬೈದ ಹಾಗೇ ಹೇಳಿದರೆ ಅವಳಾದರೂ ಏನು ಮಾಡಬೇಕು? ವಿಲಿಮೈನಾ ಎಂದಿನಂತೆ ನಕ್ಕಳು. "ಸರಿ, ಹೊರಗೇ ಕೂತ್ಕೋತೀನಿ. ನೀನು ಅಷ್ಟರಲ್ಲಿ ನಿಮ್ಮೂರಿನ ಏಡಿಗಳಿಗೆ ಪಾಠ ಹೇಳಿ ಬಾ!"

ಅವಳು ತಮಾಷೆ ಮಾಡಿದಳು. ಅವನು, ಒಪ್ಪಿದಳು ಅಂದುಕೊಂಡ!

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ಕರೆದರು. "ವಿಲಿಮೈನಾ, ಇನೋಕೆ ಮಾಸ್ಟರ್ ಹೇಳಿದ್ರು. ಟರ್ಮ್ ಮುಗಿಯೋವರೆಗೂ ಲ್ಯಾಬ್ ಪಾಠಕ್ಕೆ ನೀನು ಹೋಗೋ ಹಾಗಿಲ್ಲ. ಕೊನೇ ಪಾಠಕ್ಕೆ ನಾನೇ ಬಂದು ಕೂತು ನೋಡ್ತೀನಿ. ಹುಡುಗಿ ಇರೋದೋ ಹೋಗೋದೋ ಅವತ್ತೇ ತೀರ್ಮಾನ."

ಹೊರಗೆ ಬಂದವಳೇ ಜಗಲಿಯ ಉದ್ದಕ್ಕೂ ದಾಪುಗಾಲು ಹಾಕಿದಳು.

'ನಿಜವಾಗಿಯೂ ಹೇಳಿದನಾ? ನನ್ನನ್ನ ಹೊರಗೆ ಹಾಕಿ, ಮಗು ಒದ್ದಾಡೋದನ್ನ ಪ್ರಿನ್ಸಿಪಾಲಿಗೆ ತೋರಿಸಿ, ವಾಪಸ್ ಕಳಿಸೋಕಾ? ನಮ್ಮಿಬ್ಬರನ್ನೂ ಸಾಗಹಾಕೋಕಾ? ನಾನು ಇಂಥವನಿಗೋಸ್ಕರ ಮೀನು ಬೇಯಿಸಿದೆನಲ್ಲಾ... ಛೀ!'

ಅವನು ಅಂಗಳದಲ್ಲಿ ಎದುರಾದ. "ಏನ್ ತೌವು, ಇವತ್ತು ದೋಣಿ ತೊಳೆಯೋ ಕೆಲಸ ಇಲ್ವಾ?"

ವಿಲಿಮೈನಾ ನಿಂತಳು. ಬೈಯಲಿಲ್ಲ. ಕಣ್ಣು ತಗ್ಗಿಸಿ ಮೆಲ್ಲಗೆ ಹೇಳಿದಳು.

"ನಮಸ್ಕಾರ ಮಾಸ್ಟರ್. ನೀವು ಹೇಳಿದ ಹಾಗೇ ಮಾಡ್ತೀನಿ."

ಇನೋಕೆಯ ಮುಖದ ರಕ್ತವೇ ಇಳಿದುಹೋಯಿತು. ತೌವು ಬೈದರೆ ಹಬ್ಬ. ತೌವು ಮರ್ಯಾದೆ ಕೊಟ್ಟು ಮಾತಾಡಿದರೆ? ಅದಕ್ಕಿಂತ ದೊಡ್ಡ ಶಿಕ್ಷೆ ಆ ದ್ವೀಪಗಳಲ್ಲಿ ಇನ್ನೊಂದಿಲ್ಲ.

"ವಿಲಿಮೈನಾ... ನಿಲ್ಲು. ನಾನು..." ಏನೋ ಹೇಳಲು ಬಾಯಿ ತೆರೆದ. ಅವಳ ಹಿಂದೆ ಬರುತ್ತಿದ್ದ ಆರ್ತಿಕಾಳ ಮುಖ ಕಂಡಿತು. ಆ ಹುಡುಗಿ ಗಾಬರಿಯಿಂದ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಇನೋಕೆ ಬಾಯಿ ಮುಚ್ಚಿಕೊಂಡ.

ಮರುದಿನದಿಂದ ಅವಳು ಡಬ್ಬಿ ತರುವುದನ್ನೇ ಬಿಟ್ಟಳು.

ಲ್ಯಾಬ್ ಪಾಠ ನಡೆಯುವಾಗ ಜಗಲಿಯ ಬೆಂಚು. ಮುಚ್ಚಿದ ಬಾಗಿಲು. ಒಳಗಿನಿಂದ ಆಗಾಗ ನಗು. 'ಯಾರನ್ನ ನೋಡಿ ನಗ್ತಿದ್ದಾರೆ?' ಅವಳು ಏಳುವಳು, ಬಾಗಿಲ ತನಕ ಹೋಗುವಳು, ಹಿಡಿಕೆ ಮುಟ್ಟಿ ಹಿಂದಿರುಗುವಳು. ಕೆಲಸವಿಲ್ಲದ ಬೆರಳುಗಳನ್ನು ಹಿಸುಕಿಕೊಳ್ಳುವಳು. ಅವನ ಮೇಲೆ ಸಿಟ್ಟು. ಸಿಟ್ಟಿನ ಅಡಿಯಲ್ಲಿ ಮತ್ತೇನೋ ಸಂಕಟ... ಅವನ ಬೈಗುಳ ಕೇಳದೆ ದಿನವೇ ಸಾಗುತ್ತಿಲ್ಲವಲ್ಲಾ! ಕೋಪ ಮಾಡಿಕೊಳ್ಳಬಾರದವನ ಮೇಲೆ ಕೋಪ, ಪ್ರೀತಿಸಬಾರದ ಹೊತ್ತಿನಲ್ಲಿ ಪ್ರೀತಿ. ಆ ಬೆಂಚಿನ ಮೇಲೆ ಅವಳು ಒಂದು ಗಳಿಗೆಯೂ ನೆಟ್ಟಗೆ ಕೂರಲಿಲ್ಲ.

ಕೊನೆಯ ಪಾಠದ ದಿನ ಬಂದೇ ಬಂತು. ಪ್ರಿನ್ಸಿಪಾಲ್ ಮೇಡಂ ಒಳಗೆ ಹೋದರು. ಬಾಗಿಲು ಮುಚ್ಚಿತು.

ತುಸು ಹೊತ್ತಿಗೆಲ್ಲ ಒಳಗೆ ಭಾರೀ ನಗು ಎದ್ದಿತು. ಮೇಜು ಕುಟ್ಟುವ ಸದ್ದು, ಕೇಕೆ...

ಇನ್ನು ತಡೆಯಲಾಗಲಿಲ್ಲ! ವಿಲಿಮೈನಾ ಬಾಗಿಲು ತಳ್ಳಿಕೊಂಡು ನುಗ್ಗಿದಳು.

ಕಂಡದ್ದೇನು?

ಬೋರ್ಡಿನ ಮುಂದೆ ಇನೋಕೆ ಬಹಳ ಗಂಭೀರವಾಗಿ ನಿಂತು, ಎರಡೂ ಕೈ ಎತ್ತಿ, ಮಕ್ಕಳಿಗೆ ಸನ್ನೆಯಲ್ಲಿ ಹೇಳುತ್ತಿದ್ದ...

'ನಾನೊಂದು ಹಸಿದ ಹಂದಿ. ಎಲ್ಲರೂ ಕೂತ್ಕೊಳ್ಳಿ.'

ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅವರ ನಡುವೆ, ದಾಸವಾಳದ ಎಸಳು ಬೇಯಿಸಿದ ನೀರಿನ ಲೋಟ ಹಿಡಿದು, ಏನೂ ಅರಿಯದವಳಂತೆ ಕೂತಿದ್ದವಳು ಆರ್ತಿಕಾ!

"ಯಾಕ್ರೋ ನಗ್ತೀರಿ? ಶುಭೋದಯ ಅಂದೆ ತಾನೇ?" ಇನೋಕೆ ಕಕ್ಕಾಬಿಕ್ಕಿ. "ಇವಳೇ ಹೇಳಿಕೊಟ್ಟಿದ್ದು!"

ಅಂದು ಗೊಣಗಿದ್ದ ಹುಡುಗಿಯೇ ಈಗ ಆರ್ತಿಕಾಳ ಪಕ್ಕದಲ್ಲಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತಾ ಅರೆಬರೆ ಸನ್ನೆಯಲ್ಲಿ, 'ಪಾಪ, ನಿಜ ಹೇಳಿಬಿಡೋಣ?' ಎಂದು ಕೇಳುತ್ತಿದ್ದಳು. 'ಬೇಡ ಬೇಡ, ಮುಂದಿನ ಟರ್ಮಿಗೆ ಇರಲಿ' ಎಂದು ಆರ್ತಿಕಾ ಅವಳ ಮಂಡಿ ಚಿವುಟಿದಳು. ಲೋಟಕ್ಕೆ ನಿಂಬೆರಸ ಹಿಂಡಿದಳು. ನೀರು ಕಡುಗೆಂಪಾಯಿತು. ಗುಂಪಿನವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಯಾವಾಗಲೂ ತನ್ನನ್ನೇ ಹುಡುಕುತ್ತಿದ್ದ ಆರ್ತಿಕಾಳ ಕಣ್ಣುಗಳು ಈಗ ಒಮ್ಮೆಯೂ ಬಾಗಿಲ ಕಡೆ ತಿರುಗಲಿಲ್ಲ ಎಂಬುದನ್ನು ವಿಲಿಮೈನಾ ಕಂಡಳು. ಸಂತೋಷವೂ ನೋವೂ ಒಟ್ಟಿಗೇ.

ಪಕ್ಕದ ಬೆಂಚಿನವರು ಕಿವಿಯಲ್ಲಿ ಆ ಸನ್ನೆಯ ಅರ್ಥ ಉಸುರಿದ್ದೇ ತಡ, ಪ್ರಿನ್ಸಿಪಾಲ್ ಮೇಡಂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಎದ್ದುನಿಂತರು. "ಮಾಸ್ಟರನ್ನೇ ಹಂದಿ ಮಾಡಿದೋಳು ಹೊಂದ್ಕೊಂಡಿಲ್ಲ ಅಂತ ಹೇಗಮ್ಮಾ ಹೇಳೋದು? ಇರ್ಲಿ, ಇಲ್ಲೇ ಓದಲಿ. ನೀನೂ ಇರಬೇಕು ವಿಲಿಮೈನಾ, ಬೇರೆ ಪಾಠಗಳಿಗೆ ನೀನು ಬೇಕೇಬೇಕು."

"ಹಂದಿನಾ?!" ಇನೋಕೆ ಚೀರಿದ.

ಗಂಟೆ ಹೊಡೆಯಿತು. ಮಕ್ಕಳು ಚೆದುರಿದರು. ಜಗಲಿಯಲ್ಲಿ ಉಳಿದವರು ಮೂವರೇ. ಆರ್ತಿಕಾ ನೆಲ ನೋಡುತ್ತಾ ಬಂದು ವಿಲಿಮೈನಾಳ ಎದುರು ನಿಂತಳು.

'ಮೇಡಂ, ಮಾಸ್ಟರ್ ತಪ್ಪಿಲ್ಲ. ನಾನೇ ಕೇಳಿದ್ದು. ನೀವಿಲ್ಲದ ಹೊತ್ತಲ್ಲಿ ಬೋರ್ಡಿನ ಮೂಲೇಲಿ ಚಾಕಲ್ಲಿ ಬರೆದು ಕೇಳಿದೆ. ಲ್ಯಾಬಲ್ಲಿ ನನ್ನನ್ನ ಅವರ ಜೊತೆ ಒಬ್ಬಳೇ ಬಿಡಿ ಅಂತ. ನಿಮಗೆ ನೋವಾಗುತ್ತೆ, ಹೇಳಬೇಡಿ ಅಂತಾನೂ ಬರೆದೆ. ಆಮೇಲೆ ಒರೆಸಿಬಿಟ್ಟೆ.'

"ಯಾಕೆ ಮಗಳೇ?" ಬಾಯಲ್ಲೇ ಕೇಳಿಬಿಟ್ಟು, ಆಮೇಲೆ ಕೈಯಲ್ಲಿ ಕೇಳಿದಳು.

ಆರ್ತಿಕಾಳ ಕೈಗಳು ತಡೆದು ತಡೆದು ಮಾತಾಡಿದವು. 'ಅವರು ಏನೋ ಅಂತಾರೆ, ನಿಮ್ಮ ಮುಖ ಕಪ್ಪಾಗುತ್ತೆ, ಕೈ ಮಾತ್ರ ಏನಿಲ್ಲ ಅನ್ನುತ್ತೆ. ನಾನು ಮುಖ ಓದೋಳು ಮೇಡಂ. ನೀವು ಬಚ್ಚಿಟ್ಟಾಗ, ಅವರು ಅಂದಿದ್ದಕ್ಕಿಂತ ಕೆಟ್ಟದ್ದನ್ನೇ ನಾನು ಅಂದ್ಕೋತಿದ್ದೆ. ಅವರು ಬೈದ್ರೆ ಆ ಬೈಗುಳನೂ ನಂದೇ ಅಲ್ವಾ? ನಂಗೆ ಕೊಡಿ. ನಾನೂ ತಿರುಗಿ ಬೈತೀನಿ.'

ವಿಲಿಮೈನಾ ಆ ಮಗುವನ್ನು ಎಳೆದು ಎದೆಗೆ ಅವಚಿಕೊಂಡಳು. ಅಮ್ಮನಿಗೂ ಹೀಗೇ ಅನ್ನಿಸುತ್ತಿತ್ತೇನೋ... ಯಾರೂ ಕೇಳಿಯೇ ಇರಲಿಲ್ಲ.

'ತಪ್ಪಾಯ್ತು. ಇನ್ಮೇಲೆ ಒಂದು ಮಾತೂ ಬಿಡಲ್ಲ' ಎಂದಳು.

'ಆಣೆ?'

'ಆಣೆ.'

ಆಮೇಲೆ ಕಂಬಕ್ಕೆ ಒರಗಿ ನಿಂತಿದ್ದ ಇನೋಕೆಯ ಕಡೆ ತಿರುಗಿದಳು. "ಹೇಳಬಹುದಿತ್ತಲ್ಲಾ ಮಾಸ್ಟರ್..."

"ಹುಡುಗಿಗೆ ಮಾತು ಕೊಟ್ಟಿದ್ದೆ. ಆದ್ರೂ ಮರದ ಕೆಳಗೆ ನಿಂಗೆ ನಿಜಾನೇ ಹೇಳಿದೆ. ನೀನು ನಕ್ಕೆ. ಒಪ್ಪಿದೆ ಅಂದ್ಕೊಂಡೆ." ಅವನ ದನಿ ಒಡೆಯಿತು. "ಬೈಯಿ ವಿಲಿಮೈನಾ. ಎಷ್ಟು ಬೇಕಾದ್ರೂ ಬೈಯಿ. ಆದ್ರೆ 'ಮಾಸ್ಟರ್', 'ನೀವು' ಅಂತ ಮಾತ್ರ ಕರೀಬೇಡ. ಊಟ ಸೇರ್ತಿಲ್ಲ ನಂಗೆ."

"ನೀವು ಯಾವಾಗ ನಿಜ ಹೇಳ್ತೀರ, ಯಾವಾಗ ತೌವು ಮಾತಾಡ್ತೀರ ಅಂತ ನಂಗೆ ಹೇಗೆ ಗೊತ್ತಾಗಬೇಕು?" ಅವಳ ಕಣ್ಣಿಂದ ನೀರು ಜಾರಿತು. "ಯಾವುದನ್ನ ನಂಬಲಿ ನಾನು?"

ಇನೋಕೆ ಸುಲು ಮೇಲಕ್ಕೇರಿಸಿಕೊಂಡ. ಆಮೇಲೆ ಅವಳನ್ನು ಬಿಟ್ಟು ಆರ್ತಿಕಾಳ ಎದುರಿಗೆ ಹೋಗಿ ನೆಟ್ಟಗೆ ನಿಂತ.

"ಆರ್ತಿಕಾ, ನಿಂಗೊಂದು ಮಾತು ಹೇಳ್ಬೇಕು."

ಅಭ್ಯಾಸಬಲ! ವಿಲಿಮೈನಾಳ ಕೈಗಳು ತಾವಾಗಿಯೇ ಎದ್ದವು. 'ಆರ್ತಿಕಾ, ನಿಂಗೊಂದು ಮಾತು ಹೇಳ್ಬೇಕು.'

"ಮೊದಲ ದಿನ ನಿಮ್ಮ ಕ್ಲಾಸಿಗೆ ಬಂದಾಗ ಬೋರ್ಡಿನ ಹತ್ರ ಒಬ್ಬಳು ನಿಂತಿದ್ಲು."

ಕೈಗಳು ಹೇಳಿದವು.

"ಅವತ್ತಿನಿಂದ ನಾನು..." ಅವನು ಉಸಿರೆಳೆದುಕೊಂಡ. "ನಾನು ಅವಳನ್ನ ಪ್ರೀತಿಸ್ತಿದ್ದೀನಿ."

'ಅವತ್ತಿನಿಂದ ನಾನು...'

ವಿಲಿಮೈನಾಳ ಕೈ ಗಾಳಿಯಲ್ಲೇ ನಿಂತಿತು. ಆರ್ತಿಕಾ ಹುಬ್ಬೇರಿಸಿ ಕಾಯುತ್ತಿದ್ದಳು, ತುಂಟ ಕಣ್ಣುಗಳಲ್ಲಿ ಒಂದೇ ಮಾತು... ಆಣೆ ಮಾಡಿದ್ದೀರಿ!

ವಿಲಿಮೈನಾ ಒಂದು ಮಾತೂ ಬಿಡದೆ ಹೇಳಿದಳು. 'ನಾನು ಅವಳನ್ನು ಪ್ರೀತಿಸ್ತಿದ್ದೀನಿ.' 'ಅವಳು' ಎನ್ನುವಾಗ ಬೆರಳು ತನ್ನ ಎದೆಯ ಕಡೆಗೇ ತಿರುಗಿತು.

ಆರ್ತಿಕಾ ಬಹಳ ಗಂಭೀರವಾಗಿ ತಲೆಯಾಡಿಸಿ, ಚುಟುಕಾಗಿ ಏನೋ ಕೇಳಿದಳು.

"ಏನಂತೆ?" ಇನೋಕೆಯ ದನಿ ಪಿಸುಗುಟ್ಟಿತು.

ವಿಲಿಮೈನಾ ಕಣ್ಣು ಮುಚ್ಚಿಕೊಂಡು ಆರ್ತಿಕಾಳ ಪ್ರಶ್ನೆಯನ್ನು ಬಾಯಲ್ಲಿ ಹೇಳಿದಳು. "ಅವಳು ಏನಂತಾಳೆ?"

"ಅದನ್ನೇ ನಾನೂ ಕೇಳ್ತಿರೋದು..."

"ನಾನೂ ಪ್ರೀತಿಸ್ತೀನಿ," ಎಂದಳು ವಿಲಿಮೈನಾ.

ಇನೋಕೆ ಗೊಂದಲದಿಂದ ಆರ್ತಿಕಾಳ ಕಡೆ ನೋಡಿದ. ಆ ಹುಡುಗಿಯ ಕೈಗಳು ಬೆನ್ನ ಹಿಂದೆ ಕಟ್ಟಿದ್ದವು. "ಈ 'ನಾನು'... ಯಾರು?"

ವರ್ಷಗಟ್ಟಲೆ ಬೇರೆಯವರ 'ನಾನು' ಹೇಳಿದ ಹುಡುಗಿ ಅವಳು. ಟೀಚರುಗಳ 'ನಾನು', ಡಾಕ್ಟರುಗಳ 'ನಾನು', ಅಮ್ಮನ 'ನಾನು'. ಮೊದಲ ಸಲ ಕೈ ಎತ್ತಿ ತನ್ನ ಎದೆಯನ್ನು ತಾನೇ ಮುಟ್ಟಿಕೊಂಡಳು.

"ನಾನೇ ಕಣೋ. ವಿಲಿಮೈನಾ."

ಆರ್ತಿಕಾ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಬೆರಳಾಡಿಸಿ ಕಿವುಡರ ಚಪ್ಪಾಳೆ ಹೊಡೆದಳು. ಆಮೇಲೆ ದೊಡ್ಡವಳಂತೆ ಬ್ಯಾಗು ಹೆಗಲಿಗೇರಿಸಿಕೊಂಡು, ಮೆಟ್ಟಿಲ ಕೆಳಗೆ ಕಾಯುತ್ತಿದ್ದ ಗೆಳತಿಯರ ಕಡೆ ಓಡಿದಳು. ಹಿಂದಿರುಗಿ ನೋಡಲಿಲ್ಲ.

ಇನೋಕೆ ಹತ್ತಿರ ಬಂದ. ಅವಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದ. ಎಷ್ಟೋ ದಿನಗಳಿಂದ ಚಡಪಡಿಸುತ್ತಿದ್ದ ಕೈಗಳು ಅಲ್ಲಿ ಸುಮ್ಮನಾದವು.

"ಕೋಪ ಹೋಯ್ತಾ?"

"ತೌವು ಮೇಲೆ ಕೋಪ ಮಾಡ್ಕೊಳ್ಳೋ ಹಾಗಿಲ್ಲ."

"ಗಂಡನ ಮೇಲೆ?"

"ಮೊದಲು ಹೆಣ್ಣು ಕೇಳೋ ಶಾಸ್ತ್ರಕ್ಕೆ ತಿಮಿಂಗಿಲದ ಹಲ್ಲು ಹಿಡ್ಕೊಂಡು ನಮ್ಮಪ್ಪನ ಮುಂದೆ ಬಂದು ಕೂತ್ಕೋ. ಆಮೇಲೆ ಕೇಳು."

"ಬರ್ತೀನಿ. ಆದ್ರೆ ನಿಮ್ಮೂರಿನೋರು ನನ್ನ ಸುಮ್ನೆ ಬಿಡ್ತಾರಾ?"

"ಎಲ್ಲಿ ಬಿಡ್ತಾರೆ! ದಡದಲ್ಲಿರೋ ಅಷ್ಟೂ ದೋಣಿ ನಿನ್ನ ಕೈಯಲ್ಲೇ ತೊಳೆಸ್ತಾರೆ."

"ಸರಿ ಕಣೇ... ಪಕ್ಕದಲ್ಲಿ ನೀನು ನಿಂತಿರ್ತೀಯಾ?"

"ನಿಂತಿರ್ತೀನಿ," ಎಂದಳು ವಿಲಿಮೈನಾ ಅವನ ಭುಜಕ್ಕೆ ತಲೆಯಾನಿಸುತ್ತಾ. "ನೆಟ್ಟಗೆ ತೊಳೀತೀಯೋ ಇಲ್ವೋ ನೋಡೋಕೆ."